ಐವತ್ತು ಸಾವಿರಕ್ಕೆ ಲ್ಯಾಪ್‌ಟಾಪ್: ಸ್ಟಿಕ್ಕರ್ ಬಿಡಿ, ನಂಬರ್ ಓದಿ

ಅಕ್ಕನ ಮಗಳು ಬಿ.ಕಾಂ ಸೇರಿದಳು. ಲ್ಯಾಪ್‌ಟಾಪ್ ಕೊಡಿಸುವ ಕೆಲಸ ಮಾವನಾದ ನನ್ನ ತಲೆಗೆ ಬಂತು. ಕೈಯಲ್ಲಿದ್ದದ್ದು 50,000 ರೂಪಾಯಿ. ಬೆಂಗಳೂರಿನ ಎಸ್‌.ಪಿ. ರೋಡಿಗೆ ಕಾಲಿಟ್ಟರೆ ಎಲ್ಲ ಅಂಗಡಿಯಲ್ಲೂ ಒಂದೇ ಮಾತು: "ಐ5 ಇದೆ ಸಾರ್, ಕಣ್ಮುಚ್ಚಿ ತಗೊಳ್ಳಿ." ಕಣ್ಣು ಮುಚ್ಚಬಾರದು. ಐ5, ರೈಜೆನ್ 5 ಅನ್ನುವುದೆಲ್ಲ ಪ್ರೊಸೆಸರ್‌ನ, ಅಂದರೆ ಲ್ಯಾಪ್‌ಟಾಪ್‌ನ ಮಿದುಳಿನ, ಮನೆತನದ ಹೆಸರು: ಮೊದಲನೆಯದು ಇಂಟೆಲ್ ಕಂಪನಿಯದು, ಎರಡನೆಯದು ಎಎಂಡಿಯದು. ಹುಡುಗ ಹೇಗಿದ್ದಾನೆ ಅಂತ ಬೇರೆಯೇ ವಿಚಾರಿಸಬೇಕು.

ಮೊದಲು ಕೆಲಸ ಬರೆದುಕೊಳ್ಳಿ

ಅಂಗಡಿಗೆ ಹೋಗುವ ಮುಂಚೆ ಏನೇನು ಮಾಡಬೇಕು ಅಂತ ಒಂದು ಚೀಟಿಯಲ್ಲಿ ಬರೆಯಿರಿ. ನಮ್ಮ ಚೀಟಿಯಲ್ಲಿದ್ದದ್ದು ಎಕ್ಸೆಲ್, ಟ್ಯಾಲಿ, ಆನ್‌ಲೈನ್ ಕ್ಲಾಸು, ರಾತ್ರಿ ಒಂದು ಸಿನಿಮಾ. ಟ್ಯಾಲಿ ಬೇಕು ಅಂದಮೇಲೆ ವಿಂಡೋಸ್ ಬೇಕೇ ಬೇಕು, ಹಾಗಾಗಿ ವಿಂಡೋಸ್ ಇಲ್ಲದ ಅಗ್ಗದ ಕ್ರೋಮ್‌ಬುಕ್ ಅಲ್ಲೇ ಬಿಟ್ಟುಹೋಯಿತು. ದೊಡ್ಡ ಗೇಮ್ ಆಡುವವರಿಗೆ ಲೆಕ್ಕವೇ ಬೇರೆ, ಈ ಲೇಖನ ಅವರಿಗಲ್ಲ.

ಪ್ರೊಸೆಸರ್‌ನ ಪೂರ್ತಿ ನಂಬರ್ ಕೇಳಿ

ಎರಡು ಲ್ಯಾಪ್‌ಟಾಪ್ ಪಕ್ಕಪಕ್ಕ ಇಟ್ಟಿದ್ದರು. ಎರಡರ ಮೇಲೂ 'ರೈಜೆನ್ 5' ಸ್ಟಿಕ್ಕರ್. ಒಂದು 7520ಯು, ಇನ್ನೊಂದು 7530ಯು. ಬರೀ ಹತ್ತರ ವ್ಯತ್ಯಾಸ, ಏನು ಮಹಾ ಅನಿಸುತ್ತೆ ಅಲ್ವಾ? ಈ 7000 ಸಾಲಿನಲ್ಲಿ ನೋಡಬೇಕಾದದ್ದು ಮೂರನೇ ಅಂಕಿ. ಅಲ್ಲಿ 2 ಇದ್ದರೆ ಒಳಗಿರುವುದು 2019ರಲ್ಲಿ ಮಾರುಕಟ್ಟೆಗೆ ಬಂದ ಜೆನ್ 2 ವಿನ್ಯಾಸ, 3 ಇದ್ದರೆ ಅದರ ನಂತರದ್ದು. ಮೊದಲನೆಯದಕ್ಕೆ ನಾಲ್ಕು ಕೋರ್ (ಕೆಲಸ ಮಾಡುವ ಕೈಗಳು ಅನ್ನಿ), ಎರಡನೆಯದಕ್ಕೆ ಆರು. ಇಂಟೆಲ್‌ನಲ್ಲಿ ಐ5-1235ಯು ಅಂದರೆ ಮೊದಲ 12 ತಲೆಮಾರು. ಕೊನೆಯ 'ಯು' ಅಂದರೆ ಕರೆಂಟ್ ಕಡಿಮೆ ತಿನ್ನುವ ಬಗೆ. 'ಎಚ್' ಇದ್ದರೆ ವೇಗ ಜಾಸ್ತಿ, ಬಿಸಿಯೂ ಜಾಸ್ತಿ. ಕಾಲೇಜಿಗೆ ಹೊತ್ತೊಯ್ಯುವವರಿಗೆ 'ಯು' ಸಾಕು.

ರ‍್ಯಾಮ್ ವಿಷಯದಲ್ಲಿ ಬಾಯಿಮಾತು ನಂಬಬೇಡಿ

ರ‍್ಯಾಮ್ ಅಂದರೆ ತೆರೆದಿಟ್ಟ ಕೆಲಸಗಳನ್ನೆಲ್ಲ ಹಿಡಿದಿಡುವ ಮೆಮೊರಿ. ಇದು ನಾನು ಕೈ ಸುಟ್ಟುಕೊಂಡು ಕಲಿತದ್ದು. ಹಿಂದೊಮ್ಮೆ 8 ಜಿಬಿಯ ಲ್ಯಾಪ್‌ಟಾಪ್ ತಂದಿದ್ದೆ. "ಆಮೇಲೆ ಹಾಕಿಸಬಹುದು ಸಾರ್" ಅಂದಿದ್ದರು ಅಂಗಡಿಯವರು. ವರ್ಷ ಕಳೆದ ಮೇಲೆ ರಿಪೇರಿಯವನು ಹಿಂದಿನ ಮುಚ್ಚಳ ಬಿಚ್ಚಿ ತೋರಿಸಿದ. ರ‍್ಯಾಮ್ ಬೋರ್ಡಿಗೇ ಬೆಸುಗೆ, ಒಂದೂ ಸ್ಲಾಟ್ ಇಲ್ಲ. ಮುಚ್ಚಳ ಹಾಗೇ ಮುಚ್ಚಿಸಿಕೊಂಡು ಬಂದೆ.

ಈಗ ಅಂಗಡಿಯಲ್ಲೇ ನೋಡಿಬಿಡುತ್ತೇನೆ. ಡೆಮೊ ಪೀಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್, ಅದರೊಳಗೆ ಮೆಮೊರಿ. ಕೆಳಗೆ 'ಸ್ಲಾಟ್ಸ್ ಯೂಸ್ಡ್: 1 ಆಫ್ 2' ಎಂದಿದ್ದರೆ ಒಂದು ಜಾಗ ಖಾಲಿ. 'ರೋ ಆಫ್ ಚಿಪ್ಸ್' ಎಂದಿದ್ದರೆ ಬೆಸುಗೆ ಹಾಕಿದ್ದು. ಆಗ 16 ಜಿಬಿಯದ್ದನ್ನೇ ಕೇಳಿ, ಇಲ್ಲವಾದರೆ ಎದ್ದು ಬನ್ನಿ.

ಪರದೆಯನ್ನು ಪಕ್ಕದಿಂದ ನೋಡಿ

ಜನ ಪ್ರೊಸೆಸರ್‌ಗೆ ಅರ್ಧ ಗಂಟೆ ಚೌಕಾಸಿ ಮಾಡುತ್ತಾರೆ, ದಿನವಿಡೀ ಕಣ್ಣಿಟ್ಟು ನೋಡುವ ಪರದೆಗೆ ಐದು ನಿಮಿಷ ಕೊಡುವುದಿಲ್ಲ. ಯಾರದಾದರೂ ಮುಖದ ಫೋಟೊ ತೆರೆಯಿರಿ. ಮುಚ್ಚಳವನ್ನು ಹಿಂದೆ ಮುಂದೆ ಬಾಗಿಸಿ. ಮುಖ ಕಪ್ಪಾಗಿ ಹಳೇ ಫೋಟೊ ನೆಗೆಟಿವ್ ಥರ ಕಂಡರೆ ಅದು ಟಿಎನ್ ಅನ್ನುವ ಅಗ್ಗದ ಬಗೆಯ ಪರದೆ, ಬೇಡ. ಯಾವ ಕಡೆಯಿಂದ ನೋಡಿದರೂ ಬಣ್ಣ ಕೆಡದ ಐಪಿಎಸ್ ಇರಲಿ, ಚುಕ್ಕಿಗಳ ಲೆಕ್ಕ (ರೆಸಲ್ಯೂಶನ್) 1920×1080ಕ್ಕಿಂತ ಕಡಿಮೆ ಬೇಡ. ಬೆಳಕು 250 ನಿಟ್ಸ್ ಇದ್ದರೆ ರೂಮಿನೊಳಗೆ ನಡೆಯುತ್ತದೆ. ಜಗುಲಿಯಲ್ಲಿ ಕೂತು ಓದುವವರಿಗೆ 300 ಆದರೂ ಬೇಕು.

ಎಸ್‌ಎಸ್‌ಡಿ ಅಂದರೆ ಫೈಲು ಉಳಿಸುವ ಜಾಗ 512 ಜಿಬಿ ಸಾಕು. ಮನೆಗೆ ಬಂದು ನೋಡಿದರೆ 476 ಅಂತ ತೋರಿಸುತ್ತದೆ, ಮೋಸ ಏನಲ್ಲ. ಕೆಬಿ, ಎಂಬಿ, ಜಿಬಿ ಹೀಗೆ ಒಂದೊಂದು ಮೆಟ್ಟಿಲಿಗೂ ಕಂಪನಿಯವರು 1000ದ ಲೆಕ್ಕ ಹಾಕುತ್ತಾರೆ, ವಿಂಡೋಸ್ 1024ರದ್ದು. ಬ್ಯಾಟರಿಗೆ 'ಹತ್ತು ಗಂಟೆ' ಎಂಬ ಜಾಹೀರಾತು ಬೇಡ, ಅದು ಎಷ್ಟು ಕರೆಂಟ್ ಹಿಡಿದಿಡುತ್ತದೆ ಅಂತ ಹೇಳುವ ವ್ಯಾಟ್-ಅವರ್ ನೋಡಿ. 42 ವ್ಯಾಟ್-ಅವರ್ ಬ್ಯಾಟರಿ, ಲ್ಯಾಪ್‌ಟಾಪ್ ಎಳೆಯುವುದು ಸುಮಾರು 8 ವ್ಯಾಟ್ ಅಂದುಕೊಳ್ಳಿ. ಭಾಗಿಸಿದರೆ ಐದು ಗಂಟೆ ಚಿಲ್ಲರೆ.

ದುಡ್ಡು ಕೊಡುವ ಮುಂಚೆ

ಹೇಳಿದ ರೇಟಿನಲ್ಲಿ ಶೇ 18 ಜಿಎಸ್‌ಟಿ ಸೇರಿದೆಯೇ ಕೇಳಿ. "ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ತೀನಿ" ಅಂದರೆ ಒಪ್ಪಬೇಡಿ, ನಾಳೆ ವಾರಂಟಿಗೆ ಅಲೆಯುವವರು ನೀವು. ಬಾಕ್ಸ್, ಲ್ಯಾಪ್‌ಟಾಪ್‌ನ ತಳ, ಬಿಲ್ ಮೂರರಲ್ಲೂ ಒಂದೇ ಸೀರಿಯಲ್ ನಂಬರ್ ಇರಬೇಕು. ಅದನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ವಾರಂಟಿ ಯಾವತ್ತಿನಿಂದ ಶುರುವಾಗಿದೆ ಅಂತಲೂ ನೋಡಿ. ಶಿರಸಿ, ಕೊಪ್ಪದಂಥ ಊರಿನವರು ಮನೆಗೇ ಬಂದು ರಿಪೇರಿ ಮಾಡುವ ಆನ್‌ಸೈಟ್ ವಾರಂಟಿ ತಮ್ಮ ಪಿನ್‌ಕೋಡ್‌ಗೆ ಉಂಟೋ ಇಲ್ಲವೋ ವಿಚಾರಿಸಿಕೊಳ್ಳಿ.

ಕನ್ನಡ ಟೈಪಿಂಗ್ ಹಾಕಿಕೊಡುತ್ತೇವೆ ಅಂತ ಯಾರಾದರೂ ಮುನ್ನೂರು ಕೇಳಿದರೆ ಕೊಡಬೇಡಿ. ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಭಾಷೆಗೆ ಹೋಗಿ ಕನ್ನಡ ಸೇರಿಸಿದರೆ ಕೀಬೋರ್ಡ್ ಸುಮ್ನೆ ಬರುತ್ತದೆ. ನಮ್ಮ ಹುಡುಗಿ ಅದನ್ನು ಮನೆಗೆ ಬರುವ ದಾರಿಯಲ್ಲಿ, ಮೆಟ್ರೊದಲ್ಲೇ ಕೂತು ಮಾಡಿಕೊಂಡಳು.