ಹಿಮ್ಮಡಿ ನೋವಿಗೆ ಯಂತ್ರ ಬಿಟ್ಟು ಭಾರ ಹೊರಿಸಿದೆ

ಹಿಮ್ಮಡಿ ನೋವಿನವರಿಗೆ ಭಾರದ ವ್ಯಾಯಾಮ ಕೊಡುತ್ತೇನೆ ಎಂದಾಗ ನಮ್ಮ ಹಿರಿಯ ಫಿಸಿಯೋಥೆರಪಿಸ್ಟರೊಬ್ಬರು, "ಕಾಲೂರಲಾಗದವರನ್ನು ತುದಿಗಾಲಿನಲ್ಲಿ ನಿಲ್ಲಿಸುತ್ತೀಯಾ?" ಎಂದು ಗದರಿದ್ದರು. ಈಗ ಅವರೇ ರೋಗಿಗಳನ್ನು ನನ್ನ ಬಳಿಗೆ ಕಳಿಸುತ್ತಿದ್ದಾರೆ. ಹಾಗಾಗಿ ಇದನ್ನು ಬರೆಯುವ ಹಕ್ಕು ಬಂದಿದೆ ಎಂದುಕೊಂಡಿದ್ದೇನೆ.

ಇದರ ಬುನಾದಿ ಡೆನ್ಮಾರ್ಕಿನ ಸಂಶೋಧಕ ರಾಥ್‌ಲೆಫ್ ತಂಡ ಸ್ಟ್ರೆಚಿಂಗ್ (ಅಂಗಾಲು ಹಿಗ್ಗಿಸುವ ವ್ಯಾಯಾಮ) ಮಾಡಿದ ಗುಂಪಿನೊಂದಿಗೆ ಹೋಲಿಸಿ 2015ರಲ್ಲಿ ಪ್ರಕಟಿಸಿದ ಕ್ರಮ. ಮೆಟ್ಟಿಲಿನ ಅಂಚು, ಒಂಟಿಕಾಲು, ಬೆರಳುಗಳಡಿ ಟವೆಲ್ ಸುರುಳಿ. ತುದಿಗಾಲಿಗೆ 3 ಸೆಕೆಂಡು ಏರಿ, 2 ಸೆಕೆಂಡು ತಡೆದು, 3 ಸೆಕೆಂಡು ಇಳಿಯುವುದು, ದಿನ ಬಿಟ್ಟು ದಿನ. ಎಡವುವುದು ಸುರುಳಿಯ ದಪ್ಪದಲ್ಲಿ. ಹೆಬ್ಬೆರಳು ಸಾಕಷ್ಟು ಮೇಲಕ್ಕೆ ಬಾಗದಿದ್ದರೆ ಅಂಗಾಲಿನ ಪ್ಲಾಂಟಾರ್ ಫೇಸಿಯಾ (ಹಿಮ್ಮಡಿಯಿಂದ ಬೆರಳುಗಳತ್ತ ಚಾಚಿದ ಗಟ್ಟಿ ಪಟ್ಟಿ) ಬಿಗಿಯುವುದಿಲ್ಲ, ಶ್ರಮವೆಲ್ಲ ಮೀನಖಂಡದ ಪಾಲಾಗುತ್ತದೆ. ಸುರುಳಿ ಇಟ್ಟ ಮೇಲೆ ಅಂಗಾಲಿನ ಒಳಬದಿಯನ್ನು ಬೆರಳಿನಿಂದ ಒತ್ತಿ ನೋಡಿ, ತಂತಿಯಂತೆ ಸೆಟೆದಿರಬೇಕು.

ಮೊದಲ ವರ್ಷ ಮೂವರಲ್ಲಿ ಒಬ್ಬರಾದರೂ ಎರಡನೇ ವಾರಕ್ಕೇ ನಾಪತ್ತೆಯಾದರು. ನೋವು ತುಸು ಏರಿದರೆ ಸಾಕು, ಶಬ್ದತರಂಗದಿಂದ ನೋವಿಗೆ ಚಿಕಿತ್ಸೆ ಕೊಡುವ ಅಲ್ಟ್ರಾಸೌಂಡ್ ಯಂತ್ರವಿರುವ ಕಡೆಗೆ ಹೋಗಿಬಿಡುತ್ತಿದ್ದರು. ದಿನಾ ಬಂದು ಯಂತ್ರದಡಿ ಮಲಗುತ್ತಿದ್ದವರು ಎರಡು ವಾರಕ್ಕೊಮ್ಮೆ ಬರತೊಡಗಿದಾಗ ನನ್ನ ಗಳಿಕೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು; ಅದೇ ಯಂತ್ರದ ಸಾಲದ ಕಂತು ಮಾತ್ರ ಇಳಿಯಲಿಲ್ಲ. ಒಂದೂವರೆ ವರ್ಷ ಕಷ್ಟವಾಯಿತು. ಆಮೇಲೆ ಗುಣವಾದವರು ತಮ್ಮವರನ್ನು ಕರೆತಂದರು, ಗಳಿಕೆ ಮೊದಲಿಗಿಂತ ಮೇಲೇರಿತು.

ರೋಗಿಗಳನ್ನು ಹಿಡಿದಿಟ್ಟದ್ದು ನೋವಿನ ಲೆಕ್ಕ. ವ್ಯಾಯಾಮದಲ್ಲಿ 10ಕ್ಕೆ 5ರವರೆಗೆ ನೋವಿರಲಿ, ಮರುದಿನ ಬೆಳಗಿನ ಮೊದಲ ಹೆಜ್ಜೆಗೆ ಅದು ಮಾಮೂಲಿಗೆ ಮರಳಿರಬೇಕು. ಇದನ್ನು ಅವರ ಕೈಯಲ್ಲೇ ಬರೆಸುತ್ತೇನೆ. ಎರಡನೇ ವಾರದ ಏರಿಕೆಯನ್ನು ದಾಟಿಸಲು ಭಾರ ಹೆಚ್ಚಿಸುವ ರೀತಿಯಲ್ಲೇ ಒಂದು ಬದಲಾವಣೆ ಮಾಡಿಕೊಂಡಿದ್ದೇನೆ. ಇನ್ನಷ್ಟು ಜನರಲ್ಲಿ ಪರೀಕ್ಷಿಸುವವರೆಗೆ ಅದೇನೆಂದು ಹೇಳುವುದಿಲ್ಲ.

ನಡುವೆ ಲಯ ಕಾಯಲು ಟಿಕ್ ಟಿಕ್ ಎನ್ನುವ ಮೆಟ್ರೊನೋಮ್ ಆ್ಯಪ್ ಕೂಡ ಕೊಟ್ಟು ನೋಡಿದೆ. ವಯಸ್ಸಾದವರು ಶಬ್ದಕ್ಕೆ ಗಾಬರಿಯಾಗಿ ಲಯವನ್ನೇ ತಪ್ಪಿದರು; ಗಟ್ಟಿಯಾಗಿ ಎಣಿಸುವುದೇ ಒಳ್ಳೆಯದು. ಭಾರಕ್ಕೆ ಬೆನ್ನಚೀಲದಲ್ಲಿ ಪುಸ್ತಕ ತುಂಬಿಸುತ್ತೇನೆ.

"ವರ್ಷದ ಕೊನೆಗೆ ಸ್ಟ್ರೆಚಿಂಗ್ ಗುಂಪೂ ಸರಿಸಮ ಬಂದಿತ್ತಲ್ಲ?" ಎಂದು ಕೇಳುವವರಿದ್ದಾರೆ. ನಿಜ, ಆ ಅಧ್ಯಯನದಲ್ಲಿ ಮುನ್ನಡೆ ಕಂಡದ್ದು 3 ತಿಂಗಳ ಹೊತ್ತಿಗೆ. ದಿನವಿಡೀ ನಿಂತು ದುಡಿಯುವವರಿಗೆ ಆ ಮುನ್ನಡೆಯೇ ಸಂಬಳ. ಮಧುಮೇಹದಿಂದ ಪಾದ ಜೋಮು ಹಿಡಿದವರಿಗೆ ಮಾತ್ರ ಇದನ್ನು ಕೊಡುವುದಿಲ್ಲ. ನೋವೇ ತಿಳಿಯದಿದ್ದರೆ ನಮ್ಮ ಲೆಕ್ಕ ನಡೆಯುವುದಿಲ್ಲ, ಅವರನ್ನು ಮೊದಲು ವೈದ್ಯರ ಬಳಿಗೆ ಕಳಿಸುತ್ತೇನೆ.