ಲಡಿ ಹಿಡಿದು ಕೂತ ಎರಡು ವರ್ಷ

ನಮ್ಮದು ಕೋಲಾರದ ಪಕ್ಕದ ಒಂದು ಹಳ್ಳಿ. ಮನೆಯಲ್ಲಿ ರೇಷ್ಮೆ ಸಾಕಣೆ. ಗೂಡು ಬಿಡಿಸಿದ ಮೇಲೆ ಅಪ್ಪ ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುತ್ತಾರೆ. ನಾವು ಮೆಥಡಿಸ್ಟ್ ಸಭೆಗೆ ಸೇರಿದ ಕ್ರೈಸ್ತರು. 1876ರಿಂದ 78ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರದ ಬರದಲ್ಲಿ, ಮೈಸೂರು ಸೀಮೆಯ ಜನ ದಾರಿಯಲ್ಲೇ ಬಿದ್ದು ಸತ್ತರು. ಆಗ ಕೋಲಾರದಲ್ಲಿ ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ಹೆಣ್ಣುಮಗಳು ತಬ್ಬಲಿ ಮಕ್ಕಳನ್ನು ಸೇರಿಸಿಕೊಂಡು ಸಾಕಿದರು. ಆ ಮಕ್ಕಳಲ್ಲಿ ಒಬ್ಬರು ನಮ್ಮ ವಂಶದ ಹಿರಿಯರು ಅಂತ ಅಜ್ಜಿ ಹೇಳುತ್ತಿದ್ದರು. 1890ರಲ್ಲಿ ಆ ಮಿಷನ್ ಮೆಥಡಿಸ್ಟರ ಕೈಗೆ ಬಂತು. ನಾನು ಹುಟ್ಟಿದ್ದೂ ಅವರು 1910ರಲ್ಲಿ ಶುರು ಮಾಡಿದ ಇಟಿಸಿಎಂ ಆಸ್ಪತ್ರೆಯಲ್ಲೇ.

"ಎಲ್ಲಿಂದಲೋ ಬಂದವರು ನಮ್ಮನ್ನ ಎತ್ತಿಕೊಂಡರು. ನಮ್ಮ ಮನೆಯಿಂದ ಒಬ್ಬರೂ ಎಲ್ಲಿಗೂ ಹೋಗಲಿಲ್ಲವಲ್ಲಮ್ಮ" ಅಂತ ಅಜ್ಜಿ ಆಗಾಗ ಅನ್ನುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಮಾತು ಜಾಸ್ತಿ ಕಾಡತೊಡಗಿತು.

20ರಿಂದ 30 ವಯಸ್ಸಿನವರಿಗೆ ಎರಡು ವರ್ಷದ ಮಿಷನರಿ ಸೇವೆ ಇದೆ ಅಂತ ಗೊತ್ತಾದಾಗ ಅರ್ಜಿ ಹಾಕಿದೆ. ನನಗೆ 24. ಕಾಂಬೋಡಿಯಾ ಅಂತ ಉತ್ತರ ಬಂತು. ತಾಕಿಯೋ ಪ್ರಾಂತ್ಯದ ಒಂದು ಹಳ್ಳಿ. ಅಮ್ಮ ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ ಹುರಿಹಿಟ್ಟು ಮಾಡಿ ಡಬ್ಬಿಗೆ ತುಂಬಿದರು.

ಅಲ್ಲಿ ದಿನ ಐದು ಗಂಟೆಗೆ ಶುರುವಾಗುತ್ತಿತ್ತು. ಸತ್ಯವೇದ ಓದು, ಪ್ರಾರ್ಥನೆ, ಆಮೇಲೆ ಸ್ನಾನ. ಪ್ರತಿ ಮನೆ ಮುಂದೆ ಆಳೆತ್ತರದ ಗುಡಾಣಗಳು. ಮೇನಿಂದ ಅಕ್ಟೋಬರ್‌ವರೆಗೆ ಸುರಿದ ಮಳೆ ಅದರಲ್ಲೇ ತುಂಬಿಕೊಳ್ಳುತ್ತದೆ. ಸಾವಿರ ಅಡಿ ಕೊರೆದರೂ ಬೋರ್‌ವೆಲ್‌ನಲ್ಲಿ ದೂಳು ಬರುವ ಊರಿನವಳು ನಾನು. ಮೊದಲ ವಾರ ಆ ನೀರನ್ನು ಮೈಮೇಲೆ ಹಾಕಿಕೊಳ್ಳಲು ಮನಸ್ಸೇ ಬರುತ್ತಿರಲಿಲ್ಲ. ಅಲ್ಲಿನ ಸರ್ಕಾರಿ ಶಾಲೆ ಎರಡು ಪಾಳಿ. ಬೆಳಿಗ್ಗೆ ಶಾಲೆ ಮುಗಿಸಿದ ಮಕ್ಕಳು ಮಧ್ಯಾಹ್ನ ಸಭೆಗೆ ಬರುತ್ತಿದ್ದರು. ಅವರಿಗೆ ಇಂಗ್ಲಿಷ್, ಲೆಕ್ಕ ಹೇಳಿಕೊಡುವುದು ನನ್ನ ಕೆಲಸ. ಸಂಜೆ ಒಂದು ಗಂಟೆ ನನಗೆ ಖ್ಮೇರ್ ಪಾಠ.

ಈ ಭಾಷೆಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಮುಂದೆ ಹೋಗುವವರಿಗೆ ಉಪಯೋಗ ಆಗಬಹುದು. ಲಿಪಿ ಪಲ್ಲವರ ಲಿಪಿಯಿಂದ ಬಂದದ್ದು. ವ್ಯಂಜನ 33. ಕ, ಖ, ಗ, ಘ, ಙ ಅಂತ ನಮ್ಮ ಸಾಲಿನಲ್ಲೇ ಇವೆ. ಶಾಲೆಗೆ ಸಾಲಾ, ಗುರುವಿಗೆ ಕ್ರೂ, ಮುಖಕ್ಕೆ ಮುಖ್, ಅಜ್ಜನಿಗೆ ತಾ. ಜನವರಿಗೆ ಮಕರ, ಫೆಬ್ರವರಿಗೆ ಕುಂಭ. ಸುಲಭ ಅಂದುಕೊಂಡೆ. ಆದರೆ ಅಲ್ಲಿ ಯಾವ ವ್ಯಂಜನಕ್ಕೆ ಸೇರಿತು ಅನ್ನುವುದರ ಮೇಲೆ ಸ್ವರದ ಉಚ್ಚಾರವೇ ಬದಲಾಗುತ್ತದೆ. ಕನ್ನಡದಲ್ಲಿ ಬರೆದುಕೊಂಡು ಓದಿದರೆ ಎದುರಿನವರಿಗೆ ಅರ್ಥವೇ ಆಗುತ್ತಿರಲಿಲ್ಲ. ಮೂರನೇ ತಿಂಗಳಿಗೆ ಆ ನೋಟ್‌ಬುಕ್ ಮುಚ್ಚಿಟ್ಟು ಅವರ ಅಕ್ಷರವನ್ನೇ ತಿದ್ದಿದೆ. ಎಣಿಕೆಯೂ ಬೇರೆ. ಐದಾದ ಮೇಲೆ ಆರಕ್ಕೆ ಹೊಸ ಹೆಸರಿಲ್ಲ, ಐದು-ಒಂದು ಅನ್ನುತ್ತಾರೆ. ಏಳು ಅಂದರೆ ಐದು-ಎರಡು. ಪ್ರಾಂ-ಪೀ. ಸಂತೆಯಲ್ಲಿ ಮೀನು, ಸೊಪ್ಪು ಕೊಳ್ಳುತ್ತಾ ಅದನ್ನು ಬಾಯಿಪಾಠ ಮಾಡಿದೆ.

ಊರಿನವರು ಸಿಕ್ಕಾಗ ಕೇಳುವುದು "ಞಾಂ ಬಾಯ್ ಹಾಯ್ ನೌ?" ಅಂದರೆ ಊಟ ಆಯ್ತಾ? ಇದೊಂದು ಕಿವಿಗೆ ಬಿದ್ದರೆ ಸಾಕು, ಕೋಲಾರದ ನಮ್ಮ ಬೀದಿ ಕಣ್ಣ ಮುಂದೆ ಬರುತ್ತಿತ್ತು.

ಒಂದು ತಪ್ಪು ಮಾಡಿದೆ. ನಮ್ಮ ಸಭೆಯಲ್ಲಿ ಯಾರಿಗಾದರೂ ಪ್ರಾರ್ಥನೆ ಮಾಡುವಾಗ ತಲೆ ಮೇಲೆ ಕೈ ಇಡುತ್ತೇವೆ, ಅಲ್ವಾ? ಅಲ್ಲಿ ಮೊಣಕಾಲು ನೋವಿನ ಒಬ್ಬ ಅಜ್ಜಿಗೆ ಹಾಗೇ ಕೈ ಇಟ್ಟೆ. ಸುತ್ತ ಇದ್ದವರೆಲ್ಲ ಒಮ್ಮೆಗೇ ಸುಮ್ಮನಾದರು. ಅಲ್ಲಿ ತಲೆ ಬಹಳ ಪವಿತ್ರ. ಕಿರಿಯರು ಹಿರಿಯರ ತಲೆ ಮುಟ್ಟುವ ಹಾಗಿಲ್ಲ. ಪಾಸ್ಟರ್ ಅವರ ಹೆಂಡತಿ ಆಮೇಲೆ ಮೆಲ್ಲಗೆ ಹೇಳಿದರು. ರಾತ್ರಿ ಅತ್ತೆ. ಮಾರನೇ ದಿನ ಕ್ಷಮೆ ಕೇಳಲು ಆ ಅಜ್ಜಿಯ ಮನೆಗೆ ಹೋದೆ.

ಕಂಬಗಳ ಮೇಲೆ ಕಟ್ಟಿದ ಮನೆ. ಕೆಳಗೆ ಮಗ್ಗ. ಅಜ್ಜಿ ರೇಷ್ಮೆ ನೇಯುತ್ತಿದ್ದರು. ನನ್ನ ಹರಕು ಖ್ಮೇರ್ ಪೂರ್ತಿ ಕೇಳಿಸಿಕೊಂಡು, ಏನೂ ಹೇಳದೆ ಒಂದು ಲಡಿ ನೂಲು ಕೈಗೆ ಕೊಟ್ಟರು. ಎರಡೂ ಕೈಗೆ ಹಾಕಿಕೊಂಡು ಹಿಡಿ ಅಂತ ಸನ್ನೆ. ಅವರು ಸುತ್ತಿಕೊಂಡರು. ಅಪ್ಪ ಕಳಿಸಿದ ವಿಡಿಯೋ ತೋರಿಸಿದೆ. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಹಂತ, ದಾಟಿ ಎದ್ದ ಹುಳು ಸೊಪ್ಪು ಮೇಯುವ ಸದ್ದು ಅದರಲ್ಲಿ ಚೆನ್ನಾಗಿ ಕೇಳುತ್ತದೆ, ಮಳೆ ಹನಿ ಬಿದ್ದ ಹಾಗೆ. ಅಜ್ಜಿ ಫೋನನ್ನು ಕಿವಿಗೆ ಹಿಡಿದುಕೊಂಡರು. ಅವರ ತಾಯಿ ಹುಳು ಸಾಕುತ್ತಿದ್ದರಂತೆ. ಈಗ ನೂಲು ಹೊರಗಿನಿಂದ ಬರುತ್ತದೆ.

ಅಂದಿನಿಂದ ವಾರಕ್ಕೆ ಮೂರು ದಿನ ಅಲ್ಲಿಗೆ ಹೋಗುತ್ತಿದ್ದೆ. ಅವರು ನನ್ನನ್ನು ಚೌ ಅನ್ನುತ್ತಿದ್ದರು. ಮೊಮ್ಮಗು ಅಂತ ಅರ್ಥ. ನಾನು ಯೇಯ್, ಅಜ್ಜಿ, ಅನ್ನುತ್ತಿದ್ದೆ. ಊರಿಂದ ಫೋನ್ ಬಂದಾಗ ಸಭೆಯವರು ಕೇಳುತ್ತಿದ್ದರು, "ಎಷ್ಟು ಜನಕ್ಕೆ ಸುವಾರ್ತೆ ಹೇಳಿದೆ ತಾಯಿ?" ಒಂಬತ್ತು ತಿಂಗಳಾಗಿತ್ತು. ಒಬ್ಬರಿಗೂ ಹೇಳಿರಲಿಲ್ಲ. ಬೆಳಗಿನ ಪ್ರಾರ್ಥನೆಯೂ ಒಣಗಿ ಹೋಗಿತ್ತು. ದೇವರೇ, ಬರೀ ನೂಲು ಹಿಡಿಯಲು ನನ್ನನ್ನು ಇಷ್ಟು ದೂರ ಕಳಿಸಿದೆಯಾ ಅಂತ ಕೇಳುತ್ತಿದ್ದೆ. ಕೋಪದಲ್ಲೇ ಕೇಳುತ್ತಿದ್ದೆ.

ಭಾದ್ರಪದದಲ್ಲಿ ಅಲ್ಲಿ ಪ್ಚುಮ್ ಬೆನ್ ಹಬ್ಬ. ಹದಿನೈದು ದಿನ. ಬೆನ್ ಅಂದರೆ ನಮ್ಮ ಪಿಂಡ ಅನ್ನುವ ಪದವೇ. ನಮ್ಮ ಕಡೆ ಹಿರಿಯರಿಗೆ ಎಡೆ ಇಡುತ್ತಾರಲ್ಲ, ಹಾಗೆ. ನಸುಕಿನಲ್ಲಿ ವಿಹಾರದ ಸುತ್ತ ಅನ್ನದ ಉಂಡೆ ಎಸೆಯುತ್ತಾರೆ. ಯೇಯ್ ನನ್ನನ್ನು ಜೊತೆಗೆ ಕರೆದರು. ಕತ್ತಲು, ಮೊಣಕಾಲು ನೋವು, ಮನೆಯಲ್ಲಿ ಯಾರೂ ಇಲ್ಲ. ನಾನು ಮಿಷನರಿ. ಹೋಗಬಹುದಾ? ರಾತ್ರಿಯೆಲ್ಲ ನಿದ್ದೆ ಇಲ್ಲ. ಪಾಸ್ಟರ್ ಹೆಂಡತಿ ಹೇಳಿದ್ದು ಇಷ್ಟೇ: "ಉಂಡೆ ಎಸೆಯುವುದು ಬೇಡ. ಅವರನ್ನು ಒಂಟಿಯಾಗಿ ಬಿಡುವುದೂ ಬೇಡ."

ನಾಲ್ಕು ಗಂಟೆಗೆ ಟಾರ್ಚ್ ಹಿಡಿದು ಹೋದೆ. ವಾಪಸ್ ಬಂದು ಮಗ್ಗದ ಹತ್ತಿರ ಕೂತಾಗ ಅವರು ಮೊದಲ ಸಲ ಹೇಳಿದರು. ಪೋಲ್ ಪಾಟ್ ಎಂಬ ಸರ್ವಾಧಿಕಾರಿ ಆಳಿದ, ಲಕ್ಷಾಂತರ ಜನ ಸತ್ತ ಕಾಲ. ಅಲ್ಲಿನವರು ಅದನ್ನು ಲೆಕ್ಕ ಹಾಕಿಯೇ ಹೇಳುತ್ತಾರೆ: 3 ವರ್ಷ, 8 ತಿಂಗಳು, 20 ದಿನ. 1975ರ ಏಪ್ರಿಲ್‌ನಿಂದ 1979ರ ಜನವರಿವರೆಗೆ. ಗಂಡ, ತಾಯಿ, ತಮ್ಮಂದಿರು, ಮಕ್ಕಳು. ಒಂದೊಂದು ಹೆಸರಿಗೆ ಒಂದೊಂದು ಬೆರಳು ಮಡಚಿದರು. ಒಂದು ಕೈ ಮುಗಿಯಿತು. ಇನ್ನೊಂದು ಕೈಯಲ್ಲಿ ಎರಡು ಬೆರಳು. ಪ್ರಾಂ-ಪೀ.

ನನಗೆ ಹೇಳಲು ಏನೂ ಇರಲಿಲ್ಲ. ಆಗ ಅವರೇ ಕೇಳಿದರು, "ನಿನ್ನ ದೇವರಿಗೆ ಈ ಹೆಸರು ಹೇಳುತ್ತೀಯಾ ಚೌ?" ಕೈ ಮುಗಿದು, ಖ್ಮೇರ್‌ನಲ್ಲಿ ಮೊದಲ ಸಲ ಜೋರಾಗಿ ಪ್ರಾರ್ಥನೆ ಮಾಡಿದೆ. ಬರೀ ಏಳು ಹೆಸರು, ಆಮೇಲೆ ಪ್ರೇಹ್ ಯೇಸೂ, ಆಮೆನ್. ಬೇರೆ ಮಾತು ಬರಲಿಲ್ಲ. ಮಾರನೇ ದಿನದಿಂದ ಬೆಳಗಿನ ಪ್ರಾರ್ಥನೆಯಲ್ಲಿ ಕಣ್ಣೀರು ಬರತೊಡಗಿತು. ಆ ನೀರಿಗಾಗಿ ಎಷ್ಟು ತಿಂಗಳು ಕಾದಿದ್ದೆನೋ.

ಯೇಯ್ ಕೊನೆವರೆಗೂ ಸಭೆಗೆ ಸೇರಲಿಲ್ಲ. ನನ್ನ ವರದಿಯಲ್ಲಿ ಅವರ ಲೆಕ್ಕ ಎಲ್ಲೂ ಇಲ್ಲ. ನಾನು ಹೊರಡುವ ದಿನ ಒಂದು ಕ್ರಾಮಾ, ಅವರೇ ನೇಯ್ದ ಅಂಗವಸ್ತ್ರ, ಹೆಗಲಿಗೆ ಹಾಕಿದರು.

ಈಗ ಕೋಲಾರಕ್ಕೆ ಬಂದು ಎರಡನೇ ವರ್ಷ. ಹುಳು ಮನೆಗೆ ಸೊಪ್ಪು ಹಾಕುತ್ತೇನೆ, ಭಾನುವಾರ ಮಕ್ಕಳಿಗೆ ಪಾಠ ಹೇಳುತ್ತೇನೆ. ಆ ಏಳು ಹೆಸರು ನನ್ನ ಸತ್ಯವೇದದ ಕೊನೆ ಹಾಳೆಯಲ್ಲಿ ಖ್ಮೇರ್‌ನಲ್ಲೂ ಕನ್ನಡದಲ್ಲೂ ಇವೆ. ನಮ್ಮ ಬೀದಿಯಲ್ಲಿ ಹಿರಿಯರಿಗೆ ಎಡೆ ಇಡುವ ದಿನ ಯೇಯ್‌ಗೆ ಫೋನ್ ಮಾಡಿ ಓದಿ ಹೇಳುತ್ತೇನೆ. ಕೊನೆಯ ಹೆಸರು ಅವರ ಮಗಳದು. ಅದರ ಸ್ವರ ನನಗೆ ಇನ್ನೂ ಸರಿಯಾಗಿ ಬರುವುದಿಲ್ಲ. ಅವರು ತಿದ್ದುತ್ತಾರೆ, ನಾನು ಮತ್ತೆ ಹೇಳುತ್ತೇನೆ.