ರೋಡ್ ಸೈಕಲ್ಲಿಗೆ ಮಲ್ಟಿಟೂಲ್ ಆರಿಸುವ ಬಗೆ

ವಿಜಯಪುರದಿಂದ ಸೊಲ್ಲಾಪುರದ ಕಡೆಗೋ ಕೊಲ್ಹಾರದ ಕಡೆಗೋ ನಸುಕಿನಲ್ಲಿ ಹೊರಡುವ ಸವಾರರಿಗೆ ಊರು ದಾಟಿದ ಮೇಲೆ ಕಾಣುವುದು ಹೆಚ್ಚಾಗಿ ಲಾರಿ, ಟ್ರ್ಯಾಕ್ಟರುಗಳ ಪಂಚರ್ ಅಂಗಡಿಗಳೇ. ಅಲ್ಲಿ ದೊಡ್ಡ ಪಾನಾಗಳು ಸಿಗುತ್ತವೆ. ರೋಡ್ ಸೈಕಲ್ಲಿನ ಸಣ್ಣ ಬೋಲ್ಟಿಗೆ ಹೊಂದುವ ಅಲೆನ್ ಕೀ (ಆರು ಮೂಲೆಯ ಕೀ) ಸಿಕ್ಕೇ ಸಿಗುತ್ತದೆಂದು ನಂಬಿ ಹೋಗುವಂತಿಲ್ಲ. ಆದ್ದರಿಂದ ಜೇಬಿನಲ್ಲಿ ಹಿಡಿಸುವ ಮಲ್ಟಿಟೂಲ್, ಅಂದರೆ ಹಲವು ಸಣ್ಣ ಉಪಕರಣಗಳು ಒಂದರಲ್ಲೇ ಮಡಚಿಕೊಳ್ಳುವ ಸಾಧನ, ಜೊತೆಗಿರಬೇಕು. ಅದನ್ನು ಕೊಳ್ಳುವಾಗ ಅದರಲ್ಲಿರುವ ಉಪಕರಣಗಳ ಸಂಖ್ಯೆಗೆ ಮರುಳಾಗದೆ, ನಿಮ್ಮ ಸೈಕಲ್ಲಿಗೆ ಏನು ಬೇಕೆಂಬುದನ್ನು ಮೊದಲು ನೋಡಿಕೊಳ್ಳಿ.

ಮನೆಯಲ್ಲೇ ಹ್ಯಾಂಡಲ್ಲಿನಿಂದ ಹಿಂದಿನ ಗಾಲಿಯವರೆಗೆ ಪ್ರತಿ ಬೋಲ್ಟಿಗೂ ಅಲೆನ್ ಕೀ ಹಾಕಿ ನೋಡಿ, ಅಳತೆಗಳನ್ನು ಬರೆದುಕೊಳ್ಳಿ. ಸ್ಟೆಮ್ (ಹ್ಯಾಂಡಲ್ಲನ್ನು ಹಿಡಿದಿಡುವ ಭಾಗ), ಸೀಟ್ ಪೋಸ್ಟ್ (ಸೀಟಿನ ಕಂಬ), ಬ್ರೇಕ್ ಮತ್ತು ನೀರಿನ ಬಾಟಲಿ ಹಿಡಿಯುವ ಕೇಜಿನ ಬೋಲ್ಟುಗಳು ಬಹುಮಟ್ಟಿಗೆ 4 ಅಥವಾ 5 ಮಿಲಿಮೀಟರಿನವು. ಚೈನ್ ಗೇರುಗಳಾಚೆ ಜಾರದಂತೆ ತಡೆಯುವ ಮಿತಿ ಸ್ಕ್ರೂಗಳಿಗೆ ಪ್ಲಸ್ ಸ್ಕ್ರೂಡ್ರೈವರ್ ಇಲ್ಲವೇ 2 ಮಿಲಿಮೀಟರಿನ ಕೀ ಬೇಕಾಗುತ್ತದೆ. ಆರು ಬೋಲ್ಟಿನ ಡಿಸ್ಕ್ ಬ್ರೇಕ್ ಇದ್ದರೆ ನಕ್ಷತ್ರಾಕಾರದ ತುದಿಯ ಟಿ25 ಟಾರ್ಕ್ಸ್ ಕೀ ತಪ್ಪದೆ ಇರಲಿ. ಗಾಲಿಗಳಿಗೆ ಕೈಯಿಂದಲೇ ಬಿಚ್ಚುವ ಕ್ವಿಕ್ ರಿಲೀಸ್ ಇಲ್ಲದೆ ನಟ್ಟುಗಳಿದ್ದರಂತೂ ಸಾಮಾನ್ಯ ಮಲ್ಟಿಟೂಲಿನಿಂದ ಗಾಲಿಯೇ ಬಿಚ್ಚುವುದಿಲ್ಲ. ಜಾಲಿ ಮುಳ್ಳಿನಿಂದ ಪಂಚರಾಗುವ ನಮ್ಮ ರಸ್ತೆಗಳಲ್ಲಿ ಇದು ಸಣ್ಣ ತೊಡಕಲ್ಲ. ಅಂಥವರು ಆ ನಟ್ಟಿನ ಅಳತೆಯ ಪಾನಾವನ್ನು, ಹೆಚ್ಚಾಗಿ 15 ಮಿಲಿಮೀಟರಿನದನ್ನು, ಬೇರೆಯಾಗಿಯೇ ಒಯ್ಯಬೇಕು. ಟೈರನ್ನು ರಿಮ್ಮಿನಿಂದ ಎಬ್ಬಿಸುವ ಟೈರ್ ಲಿವರುಗಳನ್ನೂ ಪ್ರತ್ಯೇಕವಾಗಿ ಇಟ್ಟುಕೊಳ್ಳುವುದು ಒಳ್ಳೆಯದು.

ಅಳತೆ ಸರಿಯಿದ್ದ ಮಾತ್ರಕ್ಕೆ ಕೆಲಸ ಆಗುತ್ತದೆಂದಲ್ಲ. ತೀರ ಚಿಕ್ಕ ಮಲ್ಟಿಟೂಲಿನ ಕೀಗಳು ಗಿಡ್ಡವಾಗಿರುವುದರಿಂದ, ಬಾಟಲಿ ಕೇಜಿನ ಒಳಗಿನ ಬೋಲ್ಟಿಗೆ ಅವು ತಲುಪಿದರೂ ಉಪಕರಣದ ದಪ್ಪ ಮೈ ಫ್ರೇಮಿಗೆ ತಾಗಿ ತಿರುಗುವುದೇ ಇಲ್ಲ. ಸಾಧ್ಯವಾದರೆ ಸೈಕಲ್ಲನ್ನೇ ಅಂಗಡಿಗೆ ಒಯ್ದು, ಇಕ್ಕಟ್ಟಾದ ಬೋಲ್ಟುಗಳಿಗೆ ಹಾಕಿ ತಿರುಗಿಸಿ ನೋಡಿಯೇ ಹಣ ಕೊಡಿ. ಕೀ ಬೋಲ್ಟಿನೊಳಗೆ ಅಲುಗಾಡುತ್ತಿದ್ದರೆ ಅದನ್ನು ಬಿಟ್ಟುಬಿಡಿ. ಅಂಚು ಸವೆದು ದುಂಡಾದ ಬೋಲ್ಟನ್ನು ಬಿಚ್ಚಲು ಪಡುವ ಪಾಡಿಗಿಂತ ನಾಲ್ಕು ಕಾಸು ಹೆಚ್ಚು ಕೊಟ್ಟು ಗಟ್ಟಿ ಉಕ್ಕಿನದನ್ನು ಕೊಳ್ಳುವುದೇ ಲೇಸು.

ಚೈನ್ ಬಿಚ್ಚುವ ಉಪಕರಣ ಅದರಲ್ಲೇ ಇರಬೇಕೆಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ತುಂಡಾದ ಚೈನಿನ ಹಾಳಾದ ಕೊಂಡಿಯನ್ನು ಅದಿಲ್ಲದೆ ತೆಗೆಯಲು ಬೇರೆ ದಾರಿಯಿಲ್ಲವೆಂದೇ ಹೇಳಬೇಕು. ಅದು ನಿಮ್ಮ ಚೈನಿಗೆ, ಅಂದರೆ 8, 10, 11 ಮುಂತಾದ ಸ್ಪೀಡಿಗೆ (ಹಿಂದಿನ ಗೇರು ಚಕ್ರಗಳ ಸಂಖ್ಯೆಗೆ), ಒಪ್ಪುತ್ತದೆಯೇ ಎಂದು ಕೇಳಿ ತಿಳಿಯಿರಿ. ಚೈನಿನ ಎರಡು ತುದಿಗಳನ್ನು ಜೋಡಿಸಲು ಅದೇ ಸ್ಪೀಡಿನ ಒಂದು ಕ್ವಿಕ್ ಲಿಂಕನ್ನೂ ಜೊತೆಗೆ ಕೊಳ್ಳಿ.

ಕಾರ್ಬನ್ ಭಾಗಗಳಿರುವ ಸೈಕಲ್ಲಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಸ್ಟೆಮ್ಮಿನ ಮೇಲೆ 5 ನ್ಯೂಟನ್ ಮೀಟರ್ ಎಂಬಂತೆ ಬಿಗಿತದ ಮಿತಿ ಬರೆದಿರುತ್ತದೆ, ಸಾಮಾನ್ಯ ಮಲ್ಟಿಟೂಲ್ ಆ ಬಿಗಿತವನ್ನು ಅಳೆಯಲಾರದು. ದಾರಿಯಲ್ಲಿ ಹ್ಯಾಂಡಲ್ ಜಾರದಷ್ಟು ಮಾತ್ರ ಬಿಗಿದುಕೊಂಡು, ಊರಿಗೆ ಬಂದ ಮೇಲೆ ಬಿಗಿತ ಅಳೆಯುವ ಟಾರ್ಕ್ ಪಾನಾದಿಂದ ಸರಿಪಡಿಸಿಕೊಳ್ಳಿ.